ಇಂಗ್ಲಿಷಿನ ಭಾವಸೂಚಕ ಸಹಾಯಕ ಕ್ರಿಯಾಪದಗಳು: ‘ಶಲ್’–‘ವಿಲ್’ ನಿಯಮದ ಚಾರಿತ್ರಿಕ ಪರಿಶೀಲನೆ

ಇಂಗ್ಲಿಷ್ ವ್ಯಾಕರಣದಲ್ಲಿ ‘ಕ್ಯಾನ್’, ‘ಮೇ’, ‘ಮಸ್ಟ್’, ‘ಶಲ್’, ‘ವಿಲ್’, ‘ಆಟ್’ ಮೊದಲಾದ ಸಹಾಯಕ ಕ್ರಿಯಾಪದಗಳು ನಮ್ಮ ವಿದ್ಯಾರ್ಥಿಗಳಿಗೆ ಉಂಟುಮಾಡುವಷ್ಟು ತೊಡಕನ್ನು ಬೇರೆ ಭಾಗಗಳು ಉಂಟುಮಾಡುವುದು ಅಪರೂಪ. ಇವು ತಾವಾಗಿ ಯಾವ ಕ್ರಿಯೆಯನ್ನೂ ಹೇಳುವುದಿಲ್ಲ. ಕ್ರಿಯೆಯ ವಿಷಯದಲ್ಲಿ ವಕ್ತೃವಿನ ಭಾವವನ್ನು, ಎಂದರೆ ಅದು ಸಾಧ್ಯವೇ, ಯುಕ್ತವೇ, ಅನಿವಾರ್ಯವೇ, ಸಂಭಾವ್ಯವೇ ಎಂಬುದನ್ನು, ಸೂಚಿಸುತ್ತವೆ. ಆದ್ದರಿಂದಲೇ ಇವನ್ನು ನಾವು ಇಲ್ಲಿ ಭಾವಸೂಚಕ ಸಹಾಯಕ ಕ್ರಿಯಾಪದಗಳೆಂದು ಕರೆದಿದ್ದೇವೆ. ಇಂಗ್ಲಿಷಿನಲ್ಲಿ ಇವುಗಳಿಗೆ ಮೋಡಲ್ ವರ್ಬ್‌ಗಳೆಂಬ ಹೆಸರು ರೂಢಿಯಲ್ಲಿದೆ.

ಪಠ್ಯಪುಸ್ತಕಗಳು ಇವುಗಳ ವಿಷಯದಲ್ಲಿ ಹಲವು ನಿಯಮಗಳನ್ನು ಹೇಳುತ್ತವೆ. ‘ಹಿ ಗೋಸ್’ ಎನ್ನುವಲ್ಲಿ ಕ್ರಿಯಾಪದದ ಕೊನೆಗೆ ಬರುವ ಸಕಾರ ‘ಹಿ ಕ್ಯಾನ್’ ಎನ್ನುವಲ್ಲಿ ಬರಕೂಡದು. ‘ಮಸ್ಟ್’ ಎಂಬುದಕ್ಕೆ ಭೂತಕಾಲದ ರೂಪವಿಲ್ಲ. ಭವಿಷ್ಯತ್ತನ್ನು ಹೇಳುವಾಗ ‘ಐ’, ‘ವಿ’ ಎಂಬವುಗಳ ಮುಂದೆ ‘ಶಲ್’ ಬರಬೇಕು, ಉಳಿದೆಡೆ ‘ವಿಲ್’ ಬರಬೇಕು. ಈ ಮೂರೂ ಒಂದೇ ಅಧಿಕಾರವಾಣಿಯಿಂದ ನುಡಿಯಲ್ಪಟ್ಟಿರುವುದರಿಂದ ಮೂರೂ ಒಂದೇ ಬಗೆಯವೆಂದು ವಿದ್ಯಾರ್ಥಿಯು ತಿಳಿಯುತ್ತಾನೆ. ವಾಸ್ತವವಾಗಿ ಹಾಗಲ್ಲ. ಮೊದಲಿನ ಎರಡು ಭಾಷೆಯ ಒಡಲಿನಲ್ಲಿಯೇ ಹುಟ್ಟಿದವು; ಮೂರನೆಯದಕ್ಕೆ ಈಗಿರುವ ಕಟ್ಟುನಿಟ್ಟಿನ ರೂಪ ಬಂದುದು ವ್ಯಾಕರಣಕಾರರ ಲೇಖನಿಯಿಂದ. ಈ ಭೇದವನ್ನು ಚರಿತ್ರೆಯ ಆಧಾರದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಮೂಲಾರ್ಥಗಳು

ಸಹಾಯಕ ಪದಗಳೆನಿಸಿರುವ ಇವೆಲ್ಲ ಒಂದಾನೊಂದು ಕಾಲಕ್ಕೆ ಪೂರ್ಣಾರ್ಥವುಳ್ಳ ಸ್ವತಂತ್ರ ಕ್ರಿಯಾಪದಗಳಾಗಿದ್ದವು. ಕ್ರಿ. ಶ. ೧೧೦೦ರವರೆಗಿನ ಹಳೆಯ ಇಂಗ್ಲಿಷಿನಲ್ಲಿ ‘ಶಲ್’ ಎಂಬುದರ ಮೂಲವಾದ ‘ಶುಲನ್’ ಎಂಬ ಧಾತುವಿಗೆ ಸಾಲಗಾರನಾಗಿರು, ಋಣಿಯಾಗಿರು ಎಂಬ ಅರ್ಥವಿತ್ತು. ಹತ್ತನೆಯ ಶತಮಾನದ ಸುಮಾರಿನ ಹಳೆಯ ಇಂಗ್ಲಿಷ್ ಸುವಾರ್ತೆಗಳಲ್ಲಿ, ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಬರುವ ಸಾಲಗಾರ ಸೇವಕನ ದೃಷ್ಟಾಂತದಲ್ಲಿ, ನೂರು ನಾಣ್ಯ ಸಾಲವಿದ್ದಿತೆಂಬುದನ್ನು ಹೇಳಲು ಬಳಸಿರುವುದು ಇದೇ ಕ್ರಿಯಾಪದ. ಇದಕ್ಕೆ ಸಂಬಂಧಿಸಿದ ಜರ್ಮನ್ ನಾಮಪದ ‘ಶುಲ್ಡ್’ ಇಂದಿಗೂ ಸಾಲ, ತಪ್ಪು ಎಂಬ ಎರಡು ಅರ್ಥಗಳನ್ನೂ ಉಳಿಸಿಕೊಂಡಿದೆ. ಸಾಲವೆಂದರೆ ತೀರಿಸಲೇಬೇಕಾದದ್ದು, ಹಣದ ಋಣವನ್ನು ಹೇಳುತ್ತಿದ್ದ ಪದ ಮೊದಲು ಕರ್ತವ್ಯದ ಋಣವನ್ನೂ, ಬಳಿಕ ಆಗಲೇಬೇಕಾಗಿರುವ ಮುಂದಿನ ಕಾರ್ಯವನ್ನೂ ಹೇಳತೊಡಗಿತು. ಋಣದಿಂದ ಭವಿಷ್ಯಕ್ಕೆ ನಡೆದುಬಂದ ದಾರಿಯಿದು.

‘ವಿಲ್’ ಹಿಡಿದ ದಾರಿ ಬೇರೆ. ಅದರ ಮೂಲಾರ್ಥ ಇಚ್ಛೆ. ಒಬ್ಬನು ಇಚ್ಛಿಸಿದ್ದನ್ನು ಮಾಡುವನೆಂಬ ನಿರೀಕ್ಷೆ ಸಹಜವಾದ್ದರಿಂದ ಇಚ್ಛಾರ್ಥದಿಂದ ಭವಿಷ್ಯದರ್ಥ ಹೊರಟಿತು. ‘ಕ್ಯಾನ್’ ಎಂಬುದರ ಮೂಲವಾದ ‘ಕುನ್ನನ್’ ಎಂಬುದಕ್ಕೆ ತಿಳಿ, ಅರಿ ಎಂದು ಅರ್ಥ. ವಿಚಿತ್ರ, ಒರಟು ಎಂಬರ್ಥದಲ್ಲಿ ಈಗ ಬಳಸುವ ‘ಅನ್‌ಕೂತ್’ ಎಂಬ ಪದಕ್ಕೆ ಅರಿಯದ, ಅಪರಿಚಿತ ಎಂಬುದು ಮೊದಲಿನ ಅರ್ಥ. ಅದೂ ಇದೇ ಧಾತುವಿನದು. ‘ಮೇ’ ಎಂಬುದು ಬಲಕ್ಕೆ ಸಂಬಂಧಿಸಿದ್ದು. ಶಕ್ತಿ ಎಂಬರ್ಥದ ‘ಮೈಟ್’ ಎಂಬ ನಾಮಪದ ಅದರ ಬಂಧು. ‘ಆಟ್’ ಎಂಬುದು ಒಡೆತನವನ್ನು ಹೇಳುವ ‘ಆಗನ್’ ಎಂಬ ಧಾತುವಿನ ಭೂತರೂಪ. ಸ್ವಂತ ಎಂಬರ್ಥದ ‘ಓನ್’, ಸಾಲವಿರು ಎಂಬರ್ಥದ ‘ಓ’ ಎಂಬವೂ ಅದೇ ಕುಲದವು. ಹೀಗೆ ಋಣ, ಇಚ್ಛೆ, ಜ್ಞಾನ, ಬಲ, ಒಡೆತನ ಎಂಬ ಜನಜೀವನದ ಸ್ಥೂಲವಾದ ಅನುಭವಗಳೇ ಕಾಲಕ್ರಮದಲ್ಲಿ ಸವೆದು ಸೂಕ್ಷ್ಮವಾದ ಭಾವಸೂಚಕಗಳಾದವು.

ಈ ಪರಿಣಾಮ ಇಂಗ್ಲಿಷಿಗೆ ಮಾತ್ರ ವಿಶಿಷ್ಟವಾದದ್ದಲ್ಲ. ‘ಅವನು ಕನ್ನಡ ಬಲ್ಲ’ ಎಂಬಲ್ಲಿ ‘ಬಲ್ಲ’ ಎಂಬುದಕ್ಕೆ ಅರಿತಿದ್ದಾನೆ ಎಂದರ್ಥ. ‘ಅವನು ಈಜಬಲ್ಲ’ ಎಂಬಲ್ಲಿ ಅದೇ ಪದ ಸಾಮರ್ಥ್ಯವನ್ನು ಹೇಳುತ್ತದೆ. ‘ಕುನ್ನನ್’ ಎಂಬುದು ‘ಕ್ಯಾನ್’ ಆದ ಬಗೆ ಕನ್ನಡಿಗನಿಗೆ ಇದಕ್ಕಿಂತ ಸ್ಪಷ್ಟವಾಗಿ ತಿಳಿಯಲಾರದು. ‘ನನಗೆ ನೀರು ಬೇಕು’ ಎಂಬುದರಲ್ಲಿ ಇಚ್ಛೆ, ‘ನಾನು ಹೋಗಬೇಕು’ ಎಂಬುದರಲ್ಲಿ ಕರ್ತವ್ಯ, ‘ಅವನು ಈ ಹೊತ್ತಿಗೆ ಮನೆಯಲ್ಲಿರಬೇಕು’ ಎಂಬುದರಲ್ಲಿ ಊಹೆ. ಹೀಗೆ ‘ಬೇಕು’ ಎಂಬೊಂದೇ ಪದ ಮೂರು ಭಾವಗಳನ್ನು ಹೊರುತ್ತದೆ. ‘ನೀನು ಹೋಗಬಹುದು’ ಎಂಬುದು ಅನುಮತಿ. ‘ಮಳೆ ಬರಬಹುದು’ ಎಂಬುದು ಸಂಭಾವನೆ. ‘ಮೇ’ ಎಂಬುದಕ್ಕೂ ಇವೆರಡೂ ಅರ್ಥಗಳಿವೆ. ಈ ಎರಡು ಭಾಷೆಗಳು ಒಂದರಿಂದೊಂದು ಇದನ್ನು ಎರವಲು ಪಡೆದವೆಂದು ಯಾರೂ ಹೇಳಲಾರರು. ಮಾನವಬುದ್ಧಿ ಬೇರೆಬೇರೆ ಕಡೆ ಒಂದೇ ದಾರಿಯಲ್ಲಿ ನಡೆದಿದೆಯೆನ್ನುವುದೇ ಯುಕ್ತ.

೨. ರೂಪದ ವೈಲಕ್ಷಣ್ಯ

ಇನ್ನು ‘ಹಿ ಕ್ಯಾನ್’ ಎಂಬಲ್ಲಿ ಸಕಾರವೇಕಿಲ್ಲವೆಂಬುದನ್ನು ನೋಡೋಣ. ಜರ್ಮಾನಿಕ್ ಭಾಷೆಗಳಲ್ಲಿ ಒಂದು ಸಣ್ಣ ಧಾತುವರ್ಗವಿದೆ. ಅದರ ರೂಪ ಭೂತಕಾಲದ್ದು, ಅರ್ಥ ವರ್ತಮಾನದ್ದು. ಸಂಸ್ಕೃತವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ‘ವಿದ್’ ಧಾತುವಿನ ‘ವೇದ’ ಎಂಬ ರೂಪ ಆಕಾರದಲ್ಲಿ ಪರೋಕ್ಷಭೂತದ ಬಗೆಯದಾದರೂ ಅರ್ಥದಲ್ಲಿ ‘ಬಲ್ಲನು’ ಎಂಬ ವರ್ತಮಾನವೇ ಸರಿ. ಕಂಡದ್ದರಿಂದ ಈಗ ತಿಳಿದಿದ್ದಾನೆ ಎಂಬುದು ಅಲ್ಲಿಯ ತರ್ಕ. ಅದೇ ಮೂಲಧಾತುವಿನಿಂದ ಬಂದ ಹಳೆಯ ಇಂಗ್ಲಿಷಿನ ಕ್ರಿಯಾಪದವೂ ಹೀಗೆಯೇ ನಡೆಯುತ್ತಿತ್ತು. ‘ಕ್ಯಾನ್’, ‘ಮೇ’, ‘ಶಲ್’ ಎಂಬವೂ ಈ ವರ್ಗಕ್ಕೇ ಸೇರಿದವು. ಭೂತರೂಪಕ್ಕೆ ಪ್ರಥಮಪುರುಷದಲ್ಲಿ ಆ ಪ್ರತ್ಯಯ ಎಂದೂ ಹತ್ತುತ್ತಿರಲಿಲ್ಲ. ಇಂದಿಗೂ ‘ಹಿ ವೆಂಟ್’ ಎನ್ನುತ್ತೇವೆಯೇ ಹೊರತು ಅದಕ್ಕೆ ಸಕಾರವನ್ನು ಸೇರಿಸುವುದಿಲ್ಲ. ‘ಹಿ ಕ್ಯಾನ್’ ಎಂಬುದೂ ಅಂಥದೇ. ಇದು ಅಪವಾದವಲ್ಲ, ಒಂದು ಪ್ರಾಚೀನ ನಿಯಮದ ಅವಶೇಷ. ‘ವಿಲ್’ ಮಾತ್ರ ಮೂಲದಲ್ಲಿ ಈ ವರ್ಗದ್ದಲ್ಲ. ಅದು ಇಚ್ಛಾರ್ಥಕ ರೂಪವೊಂದರಿಂದ ಬಂದು ಇವುಗಳ ಜೊತೆ ಸೇರಿಕೊಂಡಿತು.

‘ಮಸ್ಟ್’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ಮೋತನ್’ ಎಂಬ ಧಾತುವಿಗೆ ಹಳೆಯ ಇಂಗ್ಲಿಷಿನಲ್ಲಿ ಅನುಮತಿಯಿರು, ಅವಕಾಶವಿರು ಎಂಬರ್ಥ ಮುಖ್ಯವಾಗಿತ್ತು. ಅದರ ಭೂತರೂಪವೇ ‘ಮಸ್ಟ್’. ಅನುಮತಿಯ ಪದವು ಕಡ್ಡಾಯದ ಪದವಾಯಿತು. ಭೂತಕಾಲದ ರೂಪವು ವರ್ತಮಾನಕ್ಕೆ ಸಂದಿತು. ವರ್ತಮಾನದ ಮೂಲರೂಪ ಕಣ್ಮರೆಯಾಯಿತು. ತಾನೇ ಭೂತರೂಪವಾಗಿರುವ ಪದಕ್ಕೆ ಮತ್ತೊಂದು ಭೂತರೂಪವೆಲ್ಲಿಂದ ಬಂದೀತು? ಆದುದರಿಂದಲೇ ಕಳೆದುಹೋದ ಕಡ್ಡಾಯವನ್ನು ಹೇಳಲು ಇಂಗ್ಲಿಷು ‘ಹ್ಯಾಡ್ ಟು’ ಎಂಬುದರ ಆಶ್ರಯ ಪಡೆಯಬೇಕಾಯಿತು. ‘ಕುಡ್’ ಎಂಬುದರ ಬರವಣಿಗೆಯಲ್ಲಿ ಉಚ್ಚರಿಸದೆ ನಿಂತಿರುವ ಲಕಾರಕ್ಕೂ ಹೀಗೆಯೇ ಕಾರಣವಿದೆ. ‘ಶುಡ್’, ‘ವುಡ್’ ಎಂಬವುಗಳಲ್ಲಿ ಲಕಾರ ಧಾತುವಿನದು. ‘ಕುಡ್’ ಎಂಬುದಕ್ಕೆ ಆ ಹಕ್ಕಿರಲಿಲ್ಲ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಲೇಖಕರು ಸಾಮ್ಯದಿಂದ ಅದನ್ನು ಅಲ್ಲಿ ಸೇರಿಸಿದರು.

ಮಧ್ಯಯುಗದಲ್ಲಿ ‘ಕ್ಯಾನ್’ ಎಂಬುದಕ್ಕೆ ನೇರವಾಗಿ ಕರ್ಮಪದವನ್ನು ಹತ್ತಿಸಬಹುದಾಗಿತ್ತು; ಒಂದು ಭಾಷೆಯನ್ನು ಅಥವಾ ವಿದ್ಯೆಯನ್ನು ‘ಕ್ಯಾನ್’ ಮಾಡುವುದೆಂದರೆ ಅದನ್ನು ಬಲ್ಲವನಾಗಿರುವುದು. ಹದಿನಾರನೆಯ ಶತಮಾನದ ಹೊತ್ತಿಗೆ ಇಂಥ ಪ್ರಯೋಗಗಳು ಕ್ಷೀಣಿಸಿ ಈ ಪದಗಳು ಪ್ರತ್ಯೇಕ ವರ್ಗವಾದವು. ಈ ಬದಲಾವಣೆ ಹಠಾತ್ತಾಗಿ ನಡೆಯಿತೆಂದು ಡೇವಿಡ್ ಲೈಟ್‌ಫುಟ್ ೧೯೭೯ರಲ್ಲಿ ವಾದಿಸಿದರು. ಅದು ನಿಧಾನವಾಗಿ, ಒಂದೊಂದು ಪದಕ್ಕೆ ಒಂದೊಂದು ಕಾಲದಲ್ಲಿ ಆಯಿತೆಂಬ ಅಭಿಪ್ರಾಯವನ್ನು ಆಂಥನಿ ವಾರ್ನರ್ ೧೯೯೩ರ ತಮ್ಮ ಗ್ರಂಥದಲ್ಲಿ ಸಮರ್ಥಿಸಿದರು. ಅದೇ ಕಾಲದಲ್ಲಿ ಪ್ರಶ್ನೆ ನಿಷೇಧಗಳಲ್ಲಿ ಇತರ ಕ್ರಿಯಾಪದಗಳು ‘ಡೂ’ ಎಂಬುದರ ನೆರವನ್ನು ಪಡೆಯತೊಡಗಿದುದರಿಂದ, ಆ ನೆರವು ಬೇಡವಾದ ಇವುಗಳ ಪ್ರತ್ಯೇಕತೆ ಇನ್ನಷ್ಟು ಎದ್ದು ಕಂಡಿತು.

೩. ನಿಯಮದ ಜನನ

ಇಲ್ಲಿಯವರೆಗೆ ನೋಡಿದ್ದು ಭಾಷೆ ತಾನೇ ಮಾಡಿಕೊಂಡ ವ್ಯವಸ್ಥೆ. ‘ಶಲ್’–‘ವಿಲ್’ ನಿಯಮದ ಹುಟ್ಟನ್ನು ಬೇರೆ ಕಡೆ ಹುಡುಕಬೇಕು. ೧೩೮೦ರ ದಶಕದ ವಿಕ್ಲಿಫ್ ಪರಂಪರೆಯ ಬೈಬಲ್ ಭಾಷಾಂತರದಲ್ಲಿ ಲ್ಯಾಟಿನ್ನಿನ ಭವಿಷ್ಯತ್ ರೂಪಕ್ಕೆ ಸಾಮಾನ್ಯವಾಗಿ ‘ಶಲ್’ ಎಂಬುದನ್ನೂ, ಇಚ್ಛಾರ್ಥದ ಲ್ಯಾಟಿನ್ ಕ್ರಿಯಾಪದಕ್ಕೆ ‘ವಿಲ್’ ಎಂಬುದನ್ನೂ ಬಳಸಿದರು. ಇಲ್ಲಿ ಪುರುಷಭೇದದ ಮಾತೇ ಇಲ್ಲ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಎರಡೂ ಪದಗಳು ಎಲ್ಲ ಪುರುಷಗಳೊಡನೆಯೂ ಬರುತ್ತವೆ.

ಪುರುಷಭೇದವನ್ನು ಸ್ಪಷ್ಟವಾದ ಸೂತ್ರವಾಗಿ ಕಟ್ಟಿಕೊಟ್ಟವನು ಜಾನ್ ವಾಲಿಸ್. ಈತ ಆಕ್ಸ್‌ಫರ್ಡಿನ ರೇಖಾಗಣಿತದ ಪ್ರಾಧ್ಯಾಪಕ. ಅನಂತವನ್ನು ಸೂಚಿಸುವ ಗಣಿತಚಿಹ್ನೆಯನ್ನು ಬಳಕೆಗೆ ತಂದವನೂ ಇವನೇ. ೧೬೫೩ರಲ್ಲಿ ಇವನು ಇಂಗ್ಲಿಷ್ ಭಾಷೆಗೊಂದು ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿ ಬರೆದನು. ಲ್ಯಾಟಿನ್ನಿನಲ್ಲಿ ಬರೆದುದೇಕೆ? ಇಂಗ್ಲಿಷ್ ಕಲಿಯಬಯಸುವ ಪರದೇಶದ ವಿದ್ವಾಂಸರಿಗೆ ನೆರವಾಗಲೆಂದು. ಅವರಿಗಾಗಿ ಅವನು ಹೇಳಿದ ಸೂತ್ರವಿದು: ಉತ್ತಮಪುರುಷದಲ್ಲಿ ‘ಶಲ್’ ಮುಂದಾಗುವುದನ್ನು ತಿಳಿಸುತ್ತದೆ, ‘ವಿಲ್’ ವಾಗ್ದಾನವನ್ನೋ ಬೆದರಿಕೆಯನ್ನೋ ಸೂಚಿಸುತ್ತದೆ, ಮಧ್ಯಮ ಮತ್ತು ಪ್ರಥಮ ಪುರುಷಗಳಲ್ಲಿ ಇದು ತಿರುಗುಮುರುಗು. ಈ ಸೂತ್ರ ನಿರಾಧಾರವಾದದ್ದೆಂದು ಹೇಳಲಾಗದು. ತಾನು ಇಚ್ಛಿಸುತ್ತೇನೆಂದು ಹೇಳಿದರೆ ಸಂಕಲ್ಪ ತೋರುತ್ತದೆ. ಮತ್ತೊಬ್ಬನು ಮಾಡತಕ್ಕದ್ದೆಂದು ಹೇಳಿದರೆ ಆಜ್ಞೆ ತೋರುತ್ತದೆ. ಮೂಲಾರ್ಥಗಳ ಛಾಯೆ ಅದರಲ್ಲಿ ಉಳಿದಿದೆ. ಆದರೆ ಒಂದು ಒಲವನ್ನು ಗಣಿತಜ್ಞನು ಸಮೀಕರಣವನ್ನಾಗಿ ಮಾಡಿದನು.

೧೭೬೨ರಲ್ಲಿ ಪ್ರಕಟವಾದ ರಾಬರ್ಟ್ ಲೌತ್‌ನ ವ್ಯಾಕರಣ ಈ ಸೂತ್ರವನ್ನು ಇಂಗ್ಲಿಷಿನಲ್ಲಿಯೇ ನಿರೂಪಿಸಿತು. ೧೭೬೫ರಲ್ಲಿ ವಿಲಿಯಂ ವಾರ್ಡ್ ಅದನ್ನು ವಿಸ್ತರಿಸಿದನು. ೧೭೯೫ರಲ್ಲಿ ಲಿಂಡ್ಲಿ ಮರೆಯ ವ್ಯಾಕರಣ ಹೊರಬಂದು, ಅಸಂಖ್ಯ ಮುದ್ರಣಗಳ ಮೂಲಕ ಇಂಗ್ಲೆಂಡು ಅಮೆರಿಕಗಳ ಶಾಲೆಗಳನ್ನೆಲ್ಲ ಮುಟ್ಟಿತು. ಪರದೇಶಿಗಳಿಗೆಂದು ಹೇಳಿದ ಮಾತು ಒಂದೂವರೆ ಶತಮಾನದಲ್ಲಿ ಸ್ವದೇಶದ ಮಕ್ಕಳಿಗೆ ಶಾಸನವಾಯಿತು.

೪. ನಿಯಮವು ಬೇಲಿಯಾದುದು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಿಯಮಕ್ಕೆ ಮತ್ತೊಂದು ಉಪಯೋಗ ಕಂಡುಬಂತು. ಸ್ಕಾಟ್ಲೆಂಡು, ಐರ್ಲೆಂಡುಗಳ ಜನ ಉತ್ತಮಪುರುಷದಲ್ಲಿಯೂ ಸಹಜವಾಗಿ ‘ವಿಲ್’ ಎನ್ನುತ್ತಿದ್ದರು. ನೀರಿಗೆ ಬಿದ್ದ ಪರನಾಡಿನವನೊಬ್ಬನು ‘ಐ ವಿಲ್ ಡ್ರೌನ್, ನೋಬಡಿ ಶಲ್ ಸೇವ್ ಮಿ’ ಎಂದು ಕೂಗಿದನೆಂಬ ಹಾಸ್ಯ ಆಗ ಪ್ರಚಾರದಲ್ಲಿತ್ತು. ತಾನು ಮುಳುಗಲಿದ್ದೇನೆ, ಕಾಪಾಡುವವರಿಲ್ಲವೆಂಬುದು ಅವನ ಆರ್ತನಾದ. ತಾನು ಮುಳುಗಿಯೇ ತೀರುವೆನು, ಯಾರೂ ಕಾಪಾಡಕೂಡದು ಎಂಬುದು ನಿಯಮದ ಪ್ರಕಾರ ಅದರ ಅರ್ಥ. ಮುಳುಗುವವನ ಕೂಗಿನಲ್ಲಿ ವ್ಯಾಕರಣವನ್ನು ಹುಡುಕುವ ಈ ಹಾಸ್ಯ ಯಾರನ್ನು ಕುರಿತದ್ದೆಂಬುದನ್ನು ಗಮನಿಸಬೇಕು. ಹೆನ್ರಿ ಆಲ್ಫರ್ಡ್ ೧೮೬೪ರ ತನ್ನ ಗ್ರಂಥದಲ್ಲಿ, ಇಂಗ್ಲೆಂಡಿನವನಾರೂ ಈ ಪದಗಳನ್ನು ಸ್ಥಾನ ತಪ್ಪಿ ಬಳಸಿದ್ದನ್ನು ತಾನು ಕಂಡಿಲ್ಲವೆಂದೂ, ಐರ್ಲೆಂಡು ಸ್ಕಾಟ್ಲೆಂಡಿನವರಲ್ಲಿ ಎಂದೂ ತಪ್ಪದವರನ್ನು ಕಂಡದ್ದು ಅಪರೂಪವೆಂದೂ ಬರೆದನು. ೧೯೦೬ರಲ್ಲಿ ಫೌಲರ್ ಸೋದರರು ‘ದಿ ಕಿಂಗ್ಸ್ ಇಂಗ್ಲಿಷ್’ ಎಂಬ ಗ್ರಂಥದಲ್ಲಿ ಈ ವಿಷಯವನ್ನು ಸುದೀರ್ಘವಾಗಿ ವಿವರಿಸಿ, ದಕ್ಷಿಣ ಇಂಗ್ಲೆಂಡಿನವರಿಗೆ ಇದು ಹುಟ್ಟಿನಿಂದ ಬರುವುದೆಂದೂ, ಉಳಿದವರಿಗೆ ಕಲಿತರೂ ಬರುವುದು ಕಷ್ಟವೆಂದೂ ಅಭಿಪ್ರಾಯಪಟ್ಟರು. ಪರದೇಶಿಗೆ ಭಾಷೆಯ ಬಾಗಿಲನ್ನು ತೆರೆಯಲೆಂದು ೧೬೫೩ರಲ್ಲಿ ರಚಿತವಾದ ಸೂತ್ರ, ೧೯೦೬ರ ಹೊತ್ತಿಗೆ ಪರದೇಶಿಯನ್ನು ಹೊರಗೇ ಗುರುತಿಸಿ ನಿಲ್ಲಿಸುವ ಬೇಲಿಯಾಗಿ ಪರಿಣಮಿಸಿತು.

ಆ ಬೇಲಿಯ ಹೊರಗೆ ನಿಂತವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಇದ್ದರು. ೧೮೫೭ರಲ್ಲಿ ಮದರಾಸು, ಬೊಂಬಾಯಿ, ಕಲ್ಕತ್ತಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದ ಮೇಲೆ ಇಂಗ್ಲಿಷ್ ವ್ಯಾಕರಣ ಪರೀಕ್ಷೆಯ ವಿಷಯವಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟುವವರೆಗೆ ಮೈಸೂರು ಬೆಂಗಳೂರುಗಳ ಕಾಲೇಜು ವಿದ್ಯಾರ್ಥಿಗಳು ಮದರಾಸಿನ ಪರೀಕ್ಷೆಗಳಿಗೆ ಕೂರುತ್ತಿದ್ದರು. ಧಾರವಾಡದ ಕಡೆಯವರು ಬೊಂಬಾಯಿಯವುಗಳಿಗೆ. ನೆಸ್‌ಫೀಲ್ಡ್‌ನ ವ್ಯಾಕರಣಗಳೂ, ೧೯೩೦ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್‌ರ ಪುಸ್ತಕವೂ ಈ ನಿಯಮವನ್ನು ನಮ್ಮ ಶಾಲೆಗಳಿಗೆ ತಂದವು. ಇಂಗ್ಲೆಂಡಿನ ಮಗುವಿಗೆ ಕಿವಿಯಿಂದ ಬಂದುದನ್ನು ನಮ್ಮ ಬಾಲಕನು ಬಾಯಿಪಾಠದಿಂದ ಪಡೆಯಬೇಕಾಯಿತು. ತಪ್ಪಿದರೆ ಅಂಕ ಹೋಗುತ್ತಿತ್ತು.

ಇಂಗ್ಲೆಂಡಿನವರಾದರೂ ಈ ನಿಯಮವನ್ನು ಪಾಲಿಸುತ್ತಿದ್ದರೇ? ಮಿಷಿಗನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫ್ರೀಸ್ ೧೯೨೫ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆತ ಹದಿನಾರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗಿನ ಇಂಗ್ಲಿಷ್ ನಾಟಕಗಳಲ್ಲಿ ಈ ಎರಡು ಪದಗಳನ್ನು ಎಣಿಸಿ ನೋಡಿದರು. ನೇರ ಹೇಳಿಕೆಗಳಲ್ಲಿ ಉತ್ತಮಪುರುಷದೊಡನೆಯೂ ‘ವಿಲ್’ ಎಂಬುದೇ ಅಧಿಕವಾಗಿತ್ತು. ನಿಯಮವು ಜನರ ನುಡಿಯ ವರ್ಣನೆಯಲ್ಲ, ಅದನ್ನು ತಿದ್ದುವ ಪ್ರಯತ್ನವೆಂಬುದು ಹೀಗೆ ಸಿದ್ಧವಾಯಿತು. ಮೇಲಾಗಿ ಆಡುಮಾತಿನಲ್ಲಿ ‘ಐಲ್’, ‘ವೀಲ್’ ಎಂದು ಸಂಕ್ಷೇಪಗೊಂಡಾಗ ಎರಡು ಪದಗಳ ಭೇದ ಕಿವಿಗೆ ಕೇಳಿಸುವುದೇ ಇಲ್ಲ.

೫. ಕಾನೂನಿನಲ್ಲಿ ಉಳಿದ ಋಣ

ಹಾಗಾದರೆ ‘ಶಲ್’ ಎಂಬುದರ ಮೂಲಾರ್ಥ ಅಳಿದೇ ಹೋಯಿತೇ? ಇಲ್ಲ, ಕಾನೂನಿನ ಭಾಷೆ ಅದನ್ನು ಕಾಪಾಡಿಕೊಂಡು ಬಂದಿದೆ. ೧೮೬೦ರ ಭಾರತೀಯ ದಂಡಸಂಹಿತೆಯಲ್ಲಿ ಅಪರಾಧಿ ದಂಡನೆಗೆ ಗುರಿಯಾಗತಕ್ಕದ್ದು ಎನ್ನುವಲ್ಲಿ ‘ಶಲ್’, ಸೆರೆವಾಸ ಇಂತಿಷ್ಟು ವರ್ಷಗಳವರೆಗೆ ವಿಸ್ತರಿಸಬಹುದು ಎನ್ನುವಲ್ಲಿ ‘ಮೇ’ ಬರುತ್ತದೆ. ಮೊದಲನೆಯದು ನ್ಯಾಯಾಧೀಶನನ್ನು ಕಟ್ಟುತ್ತದೆ. ಎರಡನೆಯದು ಒಂದು ಮಿತಿಯೊಳಗೆ ಅವನಿಗೆ ಸ್ವಾತಂತ್ರ್ಯ ಕೊಡುತ್ತದೆ. ಶಾಸಕಾಂಗ ನ್ಯಾಯಾಂಗಗಳ ನಡುವಣ ಅಧಿಕಾರದ ಹಂಚಿಕೆಯೇ ಈ ಎರಡು ಸಣ್ಣ ಪದಗಳ ಮೇಲೆ ನಿಂತಿದೆ. ೨೦೨೪ರ ಜುಲೈ ೧ರಿಂದ ಆ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದೇ ಪದಗಳನ್ನು ಉಳಿಸಿಕೊಂಡಿದೆ.

ಆದರೂ ಪದವೊಂದೇ ಅರ್ಥವನ್ನು ನಿರ್ಣಯಿಸಲಾರದು. ‘ಮೇ’ ಎಂಬರ್ಥದ ಅಧಿಕಾರವೂ ಸಂದರ್ಭಬಲದಿಂದ ಕರ್ತವ್ಯವಾಗಬಹುದೆಂಬುದನ್ನು ೧೮೮೦ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಜೂಲಿಯಸ್ ಮತ್ತು ಆಕ್ಸ್‌ಫರ್ಡಿನ ಬಿಷಪ್ ಮೊಕದ್ದಮೆಯಲ್ಲಿ ಅಂಗೀಕರಿಸಿತು. ಇದರ ವಿಪರ್ಯಾಸವನ್ನು ನಮ್ಮ ಸುಪ್ರೀಂ ಕೋರ್ಟಿನ ೧೯೫೭ರ ತೀರ್ಪೊಂದರಲ್ಲಿ ಕಾಣುತ್ತೇವೆ. ಸರ್ಕಾರಿ ನೌಕರರ ಶಿಸ್ತಿನ ವಿಷಯಗಳಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದೆಂದು ಸಂವಿಧಾನದ ೩೨೦ನೆಯ ಅನುಚ್ಛೇದ ಹೇಳುತ್ತದೆ. ಅಲ್ಲಿರುವ ಪದ ‘ಶಲ್’. ಉತ್ತರ ಪ್ರದೇಶ ರಾಜ್ಯ ಮತ್ತು ಮನಬೋಧನ ಲಾಲ್ ಶ್ರೀವಾಸ್ತವ ಮೊಕದ್ದಮೆಯಲ್ಲಿ ನ್ಯಾಯಾಲಯವು, ಈ ವಿಧಿ ನಿರ್ದೇಶಾತ್ಮಕವೇ ಹೊರತು ಕಡ್ಡಾಯವಲ್ಲ, ಸಮಾಲೋಚನೆ ನಡೆಯದ ಮಾತ್ರಕ್ಕೆ ಸರ್ಕಾರದ ಆಜ್ಞೆ ರದ್ದಾಗದು ಎಂದು ನಿರ್ಣಯಿಸಿತು. ಒಬ್ಬ ನೌಕರನ ಜೀವನಾಧಾರದ ಪ್ರಶ್ನೆ ಒಂದು ಸಹಾಯಕ ಕ್ರಿಯಾಪದದ ಅರ್ಥವನ್ನು ಅವಲಂಬಿಸಿತ್ತೆಂಬುದನ್ನು ನೆನೆದರೆ ಈ ಅಧ್ಯಯನ ಬರಿಯ ಶಬ್ದವಿಲಾಸವಲ್ಲವೆಂಬುದು ಮನವರಿಕೆಯಾಗುತ್ತದೆ. ಇಂಥ ಸಂದಿಗ್ಧತೆಯ ಕಾರಣದಿಂದಲೇ ಅಮೆರಿಕದ ಸಂಯುಕ್ತ ನ್ಯಾಯಾಲಯಗಳ ಸಿವಿಲ್ ವ್ಯವಹಾರ ನಿಯಮಗಳನ್ನು ೨೦೦೭ರಲ್ಲಿ ಹೊಸದಾಗಿ ಬರೆದಾಗ ‘ಶಲ್’ ಎಂಬುದನ್ನು ಕೈಬಿಟ್ಟು ‘ಮಸ್ಟ್’ ಮೊದಲಾದವುಗಳನ್ನು ಬಳಸಿದರು.

ಕನ್ನಡದ ಶಾಸನಭಾಷೆ ‘ಶಲ್’ ಎಂಬುದಕ್ಕೆ ‘ತಕ್ಕದ್ದು’ ಎಂಬುದನ್ನೂ, ‘ಮೇ’ ಎಂಬುದಕ್ಕೆ ‘ಬಹುದು’ ಎಂಬುದನ್ನೂ ರೂಢಿಗೊಳಿಸಿದೆ. ‘ತಕ್ಕದ್ದು’ ಎಂಬುದು ‘ತಗು’ ಧಾತುವಿನಿಂದ ಬಂದದ್ದು. ಅದರ ಅರ್ಥ ಯೋಗ್ಯವಾಗಿರು, ಹೊಂದಿಕೊಳ್ಳು. ಇಂಗ್ಲಿಷಿನ ಕಡ್ಡಾಯ ಸಾಲದಿಂದ ಹುಟ್ಟಿತು, ಕನ್ನಡದ ಕಡ್ಡಾಯ ಯೋಗ್ಯತೆಯಿಂದ ಹುಟ್ಟಿತು. ಎರಡೂ ಇಂದು ಒಂದೇ ಕೆಲಸವನ್ನು ಮಾಡುತ್ತಿವೆ. ಭಾಷಾಂತರಕಾರರು ‘ತಕ್ಕದ್ದು’ ಎಂಬಲ್ಲಿ ‘ಬೇಕು’ ಎಂದೋ, ಬರಿಯ ಭವಿಷ್ಯತ್ತಿನ ‘ಮಾಡುವನು’ ಎಂದೋ ಬರೆದರೆ ಆಗುವ ವ್ಯತ್ಯಾಸ ಇದರಿಂದ ಗೊತ್ತಾಗುತ್ತದೆ.

೬. ಉಪಸಂಹಾರ

ಈ ಪದಗಳ ಚರಿತ್ರೆ ಇನ್ನೂ ಮುಗಿದಿಲ್ಲ. ೧೯೬೧ ಮತ್ತು ೧೯೯೧ರ ಬ್ರಿಟಿಷ್ ಲಿಖಿತ ಇಂಗ್ಲಿಷಿನಿಂದ ತಲಾ ಸುಮಾರು ಹತ್ತು ಲಕ್ಷ ಪದಗಳ ಸಂಗ್ರಹಗಳನ್ನು ಜೆಫ್ರಿ ಲೀಚ್ ಮೊದಲಾದವರು ಹೋಲಿಸಿದಾಗ, ‘ಶಲ್’ ಎಂಬುದರ ಬಳಕೆ ಶೇಕಡಾ ಸುಮಾರು ೪೪ರಷ್ಟೂ, ‘ಮಸ್ಟ್’ ಎಂಬುದರದು ಶೇಕಡಾ ಸುಮಾರು ೨೯ರಷ್ಟೂ ಇಳಿದುದು ಕಂಡುಬಂತು. ‘ಕ್ಯಾನ್’ ಹೆಚ್ಚುಕಡಿಮೆ ಇದ್ದಲ್ಲಿಯೇ ಇದೆ. ಆಜ್ಞೆಯ ಪದಗಳು ಹಿಂದೆ ಸರಿಯುತ್ತಿದ್ದು, ‘ಹ್ಯಾವ್ ಟು’, ‘ನೀಡ್ ಟು’ ಎಂಬ ಸೌಮ್ಯವಾದ ಪದಪುಂಜಗಳು ಮುಂದೆ ಬರುತ್ತಿವೆ. ‘ಶಲ್ ವಿ ಗೋ’ ಎಂಬಂಥ ಸಲಹೆಯ ಪ್ರಶ್ನೆಗಳಲ್ಲಿಯೂ ಕಾನೂನಿನಲ್ಲಿಯೂ ‘ಶಲ್’ ಇನ್ನೂ ಬದುಕಿದೆ.

ಇದರಿಂದ ಅಧ್ಯಾಪಕರಿಗೆ ದೊರೆಯುವ ಪ್ರಯೋಜನವನ್ನು ಸಂಗ್ರಹವಾಗಿ ಹೇಳಬಹುದು. ಒಂದನೆಯದಾಗಿ, ‘ಹಿ ಕ್ಯಾನ್’, ‘ಹ್ಯಾಡ್ ಟು’ ಮೊದಲಾದವನ್ನು ಅಪವಾದಗಳೆಂದು ಬಾಯಿಪಾಠ ಮಾಡಿಸದೆ ಕಾರಣಸಹಿತವಾಗಿ ಬೋಧಿಸಬಹುದು. ಕಾರಣ ತಿಳಿದ ನಿಯಮ ಮರೆಯುವುದಿಲ್ಲ. ಎರಡನೆಯದಾಗಿ, ‘ಬಲ್ಲ’, ‘ಬೇಕು’, ‘ಬಹುದು’ ಎಂಬವು ವಿದ್ಯಾರ್ಥಿಯ ನಾಲಗೆಯ ಮೇಲೆಯೇ ಇರುವಾಗ ಅವುಗಳಿಂದಲೇ ಪಾಠವನ್ನು ಆರಂಭಿಸುವುದು ಸುಲಭ. ಮೂರನೆಯದಾಗಿ, ‘ಐ ವಿಲ್’ ಎಂದು ಬರೆದ ವಿದ್ಯಾರ್ಥಿಯ ಉತ್ತರಕ್ಕೆ ತಪ್ಪು ಗುರುತು ಹಾಕುವ ಮೊದಲು ಆ ನಿಯಮವನ್ನು ಯಾರು, ಎಂದು, ಯಾರಿಗಾಗಿ ಮಾಡಿದರೆಂಬುದನ್ನು ಆಲೋಚಿಸಬೇಕು. ನಿಯಮಗಳನ್ನು ಕಲಿಸುವುದು ನಮ್ಮ ಕರ್ತವ್ಯ. ಭಾಷೆಯ ನಿಯಮ ಯಾವುದು, ವ್ಯಾಕರಣಕಾರನ ನಿಯಮ ಯಾವುದು ಎಂಬ ವಿವೇಕವನ್ನು ಅದರ ಜೊತೆಯಲ್ಲಿಯೇ ಕಲಿಸುವುದೂ ಅಷ್ಟೇ ಅವಶ್ಯವಾದ ಕರ್ತವ್ಯ.